ಹದಿನೇಳು ಬಂದರೆ

ಸೋಲಾಪುರ. ಅಶೋಕ ಚೌಕದ ಹಿಂದಿನ ಓಣಿ,
ಟವೆಲ್ ಕಾರ್ಖಾನೆಯ ಮಾಳಿಗೆ ಮೇಲೆ ನನ್ನ ಮೇಜು.
ಕೆಳಗೆ ಮಗ್ಗ ಖಟಖಟ ಅಂದಾಗ
ಮೌಸಿನ ಬಾಣ ತಾನೇ ನಡುಗುತ್ತದೆ.

ಫೈಲಿನ ಹೆಸರು: ಪಗಾರ ಹೊಸದು ಕೊನೇದು ಎರಡು.
ಹದಿನೈದು ವರ್ಷದ ಹಳೆಯ ಹೊಸದು.
ತೆರೆದರೆ ಮೊದಲು ಹಣೆಗೆ ಅರಿಷಿಣ ಬಳಿದಂತೆ
ಹಳದಿ ಪಟ್ಟಿ: ಒಳಗೆ ಮ್ಯಾಕ್ರೋ ಇದೆ, ಜೋಕೆ.
ಇರಲಿ ಅಂದರೆ ಡಬ್ಬಿಯೊಂದು ಎದ್ದು
ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಹೇಳುತ್ತದೆ:
'ತಪ್ಪಾತು. ನನಗ ಫೋನ್ ಹಚ್ಚ್ರಿ. ಹತ್ತೂರೆ.'
ಕೆಳಗೆ ಹತ್ತು ಅಂಕಿ.

ಹಚ್ಚಿದ್ದೆ ಒಮ್ಮೆ. ಲಾತೂರಿನ ಯಾವನೋ ಡೇರಿಯವ ಎತ್ತಿ
ಎಷ್ಟು ಲೀಟರ್ ಅಂತ ಮರಾಠಿಯಲ್ಲಿ ಕೇಳಿದ.

ಓಕೆ ಒತ್ತಿದರೆ ಡಬ್ಬಿ ಹೋಗುತ್ತದೆ.
ಶನಿವಾರಕ್ಕೊಂದು ಪಗಾರ, ಪಗಾರಕ್ಕೊಂದು ಓಕೆ.
ಮೂರು ವರ್ಷ ಒತ್ತಿದ್ದೇನೆ,
ಹೊಸ್ತಿಲಲ್ಲಿ ಮಲಗಿದ ನಾಯಿಯನ್ನು ದಾಟಿದ ಹಾಗೆ.

ಈಗ ಯೇಮೂಲ್ ಸೇಠರ ಮಗಳು ಹೊಸ ಸಾಫ್ಟ್‌ವೇರ್ ತರಿಸಿದ್ದಾಳೆ.
ಅದು ಈ ಫೈಲನ್ನು ಬಾಯಿಗಿಟ್ಟು ಉಗುಳುತ್ತದಂತೆ,
ಚೊಕ್ಕ ಮಾಡಿ ಕೊಡು ಅಂದಳು.
ಆಲ್ಟ್ ಹಿಡಿದು ಎಫ್ ಹನ್ನೊಂದು ಒತ್ತಿದೆ.
ಅಟ್ಟದ ಬಾಗಿಲು ತೆರೆಯಿತು.

ಇಲ್ಲದ ಡಿ ಡ್ರೈವನ್ನು ಹುಡುಕುವ ಸಾಲು.
ಮಾರಿಹೋದ ಪ್ರಿಂಟರಿನ ಹೆಸರು ಹಿಡಿದು ಕೂಗುವ ಸಾಲು.
ಮೂರು ಖಾಲಿ ಮಾಡ್ಯೂಲು. ಒಳಗೆ ಏನೂ ಇಲ್ಲ,
ಹಳದಿ ಪಟ್ಟಿಗೆ ಅಷ್ಟೇ ಸಾಕು.
ಉಚಲ, ಪಗಾರ, ಉಳದದ್ದು
ಅಂತ ಅವರಿಟ್ಟ ಹೆಸರುಗಳು:
ಒಂದು ಮರಾಠಿ, ಒಂದು ಯಾರದೋ, ಒಂದು ನಮ್ಮದು.
ಒಂದೊಂದೇ ಕಿತ್ತೆ. ಕೊನೆಗೆ ಉಳಿದದ್ದು ಇಷ್ಟು:

ಮಗ್ಗ ಹದಿನೇಳು ಬಂದರೆ
ಬಿಟ್ಟು ಮುಂದೆ ಹೋಗು.

ಕೆಳಗಿಳಿದು ಕೇಳಿದೆ. ಇರುವುದೇ ಹನ್ನೆರಡು ಮಗ್ಗ ಈಗ.
ಗುಜರಿಗೆ ಹೋಯಿತು ಅಂದ ಮುಕಾದಮ.
ಹದಿನೇಳು ಎಲ್ಲಿತ್ತು, ಹದಿನಾರರ ಆಚೆ ಗೋಡೆ ಅಂದ ಇನ್ನೊಬ್ಬ.
ಕಂಡಿಕೆ ಸುತ್ತುವ ನರಸವ್ವ ತೆಲುಗಿನಲ್ಲಿ ನಕ್ಕಳು:
ಅದಾ? ಅದರ ಮೇಲೆ ನಾವು ಬುತ್ತಿ ಇಡುತ್ತಿದ್ದೆವು.

ಹತ್ತೂರೆ ಸಿಕ್ಕರು. ನಾನು ಅಂದುಕೊಂಡಂತೆ ಸತ್ತಿರಲಿಲ್ಲ,
ಅಕ್ಕಲಕೋಟೆ ರಸ್ತೆಯಲ್ಲಿ ಸೈಕಲ್ ಬಿಡಿಭಾಗದ ಅಂಗಡಿ.
ಮೊಬೈಲಿನ ಫೋಟೋ ಹಿಗ್ಗಿಸಿ
ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ:
'ಇದನ್ನ ನಾ ಬರದೀನಾ? ಚೊಲೋನ ಬರದೀನಲ್ಲ!
ಹದಿನೇಳು… ಏನೋ ಕಾರಣ ಇತ್ತು ನೋಡವಾ.
ಕಾರಣ ಇಲ್ದ ನಾ ಯಾಕ ಬರೀತಿದ್ದೆ.'
ಪೆಡಲು ಕೇಳಿಕೊಂಡು ಗಿರಾಕಿ ಬಂದ. ಅವರು ಎದ್ದರು.

ಆ ಸಾಲು ತೆಗೆದು ಓಡಿಸಿದೆ. ಮೊತ್ತ ಒಂದು ಪೈಸೆಯೂ ಅಲುಗಲಿಲ್ಲ.
ಮತ್ತೆ ಹಾಕಿ ಓಡಿಸಿದೆ. ಅದೇ.
ಆದರೂ ಅಳಿಸಲು ಕೈ ಬರಲಿಲ್ಲ.
ಝಡ್ ದಾಟಿ, ಯಾರೂ ಹೋಗದ ಒಂದು ಮನೆಯಲ್ಲಿ ಅದನ್ನಿಟ್ಟೆ,
ಮುಂದೆ ಎಳ್ಳಿನಷ್ಟು ಒಂದು ಉದ್ಧರಣ ಚಿಹ್ನೆ.
ಹಾಗಿಟ್ಟರೆ ಎಕ್ಸೆಲ್ಲು ಲೆಕ್ಕಕ್ಕೆ ಹಿಡಿಯುವುದಿಲ್ಲ,
ಬರೀ ಮಾತು ಅಂತ ಬಿಡುತ್ತದೆ. ಎಳ್ಳೂ ಕಾಣುವುದಿಲ್ಲ.
ಪಕ್ಕದಲ್ಲಿ ಬರೆದೆ: ಕಾರಣ ಗೊತ್ತಿಲ್ಲ. ಕೇಳಿದ್ದೇನೆ.

ಶನಿವಾರ ಫೈಲು ಸದ್ದಿಲ್ಲದೆ ತೆರೆಯಿತು.
ಹಳದಿ ಇಲ್ಲ, ಡಬ್ಬಿ ಇಲ್ಲ, ಹತ್ತೂರೆ ಇಲ್ಲ.
ಕೆಳಗೆ ಪಗಾರದ ಸಾಲು ಆಗಲೇ ಮೆಟ್ಟಿಲಿಗೆ ಬಂದಿತ್ತು.
ನನ್ನ ಬೆರಳು ಮಾತ್ರ ಪರದೆಯ ನಡುವೆ
ಏನೂ ಇಲ್ಲದ ಕಡೆ ಹೋಗಿ
ಓಕೆ ಒತ್ತಿತು.
ನರಸವ್ವನ ಹೆಸರಿನ ಸುತ್ತ
ಹಸಿರು ಗೆರೆ ಬಿತ್ತು.